ಜಾಗ ಬಿಡಿ, ಬ್ಯಾಟರ್ ಬರುತ್ತಿದ್ದಾನೆ!

ನಾಲ್ಕು ಕೆಟ್ಟ ಎಸೆತ ಬಿದ್ದರೆ ಬ್ಯಾಟರ್‌ಗೆ ಒಂದು ಬೇಸ್ ಬಿಟ್ಟಿ. ಹಾಗಾದರೆ ಮೊದಲೇ ಬೇಸ್‌ಗಳ ಮೇಲೆ ನಿಂತವರ ಗತಿ ಏನು? ಕೆಲವರು ಮುಂದಕ್ಕೆ ಹೋಗುತ್ತಾರೆ, ಕೆಲವರು ಒಂದು ಹೆಜ್ಜೆಯನ್ನೂ ಕದಲಿಸುವುದಿಲ್ಲ. ಬೇಸ್‌ಬಾಲ್‌ನ ಈ ಪುಟ್ಟ ನಿಯಮ ಲೀಗ್ ಕಿರೀಟಗಳನ್ನೇ ತೀರ್ಮಾನಿಸಿದೆ!

1999ರ ಅಕ್ಟೋಬರ್ 19ರ ರಾತ್ರಿ, ಅಟ್ಲಾಂಟಾದ ಟರ್ನರ್ ಫೀಲ್ಡ್ ಕ್ರೀಡಾಂಗಣ. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಿದ್ದ ಪಂದ್ಯ ಹನ್ನೊಂದನೆಯದಕ್ಕೆ ಎಳೆದಿದೆ. ಅಟ್ಲಾಂಟಾ ಬ್ರೇವ್ಸ್ 9, ನ್ಯೂಯಾರ್ಕ್ ಮೆಟ್ಸ್ 9. ಮೂರೂ ಬೇಸ್‌ಗಳ ಮೇಲೆ ಬ್ರೇವ್ಸ್ ಆಟಗಾರರು ನಿಂತಿದ್ದಾರೆ. ಮೆಟ್ಸ್ ಪಿಚರ್ ಕೆನ್ನಿ ರಾಜರ್ಸ್ ಎದುರು ಬ್ಯಾಟ್ ಹಿಡಿದು ನಿಂತವರು ಆಂಡ್ರೂ ಜೋನ್ಸ್. ಲೆಕ್ಕ ಮೂರು ಬಾಲ್, ಎರಡು ಸ್ಟ್ರೈಕ್.

ಎಸೆತ ಹೊರಗೆ ಹೋಯಿತು. ಜೋನ್ಸ್ ಬ್ಯಾಟ್ ಬೀಸಲೇ ಇಲ್ಲ. ನಾಲ್ಕನೇ ಬಾಲ್! ಜೋನ್ಸ್ ಮೊದಲ ಬೇಸ್‌ನತ್ತ ಹೊರಟರು. ಅಲ್ಲಿದ್ದವರು ಎರಡನೆಯದಕ್ಕೆ, ಎರಡನೆಯದರಲ್ಲಿದ್ದವರು ಮೂರನೆಯದಕ್ಕೆ, ಮೂರನೆಯದರಲ್ಲಿದ್ದ ಜೆರಾಲ್ಡ್ ವಿಲಿಯಮ್ಸ್ ಹೋಮ್ ಪ್ಲೇಟ್‌ಗೆ. 10–9. ಚೆಂಡಿಗೆ ಬ್ಯಾಟ್ ತಾಗಲಿಲ್ಲ, ಯಾರೂ ಜೀವ ಬಿಟ್ಟು ಓಡಲಿಲ್ಲ. ಆದರೂ ನ್ಯಾಷನಲ್ ಲೀಗ್ ಕಿರೀಟ ಬ್ರೇವ್ಸ್ ಪಾಲಾಯಿತು, ಮೆಟ್ಸ್ ಮನೆಗೆ ಹೋಯಿತು.

ಕೊನೆಯ ಓವರಿನ ವೈಡ್‌ನಿಂದ ಪಂದ್ಯ ಕೈಜಾರಿದ್ದನ್ನು ಕ್ರಿಕೆಟ್ ಪ್ರೇಮಿಗಳು ಎಷ್ಟೋ ಸಲ ನೋಡಿದ್ದಾರೆ. ಆದ್ದರಿಂದ ಈ ದೃಶ್ಯ ಅವರಿಗೆ ಪರಿಚಿತವೆನಿಸಬಹುದು. ಆದರೆ ಎರಡಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ವೈಡ್ ಬಿದ್ದರೆ ತಂಡದ ಖಾತೆಗೆ ಒಂದು ರನ್ ನೇರವಾಗಿ ಜಮೆಯಾಗುತ್ತದೆ; ಕ್ರೀಸ್‌ನಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ ಎಂಬುದು ಮುಖ್ಯವಲ್ಲ. ಬೇಸ್‌ಬಾಲ್‌ನ 'ವಾಕ್' ಯಾರಿಗೂ ರನ್ ಕೊಡುವುದಿಲ್ಲ. ಅದು ಕೊಡುವುದು ಜಾಗವನ್ನು, ಅದೂ ಒಬ್ಬನಿಗೆ ಮಾತ್ರ. ಆ ಜಾಗದಲ್ಲಿ ಬೇರೊಬ್ಬ ನಿಂತಿದ್ದರೆ ಅವನು ಎದ್ದು ಹೋಗಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಮತ್ತು ಬೇಸ್‌ಬಾಲ್ ಎರಡೂ ಇರುವುದರಿಂದ, ನಮ್ಮವರು ಟಿ20 ನೋಡಲು ಹಾಕಿದ ಚಾನೆಲ್‌ನಲ್ಲಿ ಈ ಆಟವೂ ಕಣ್ಣಿಗೆ ಬೀಳಲಿದೆ. ಆಗ ಮೊದಲು ತಲೆಕೆಡಿಸುವ ಪ್ರಶ್ನೆ ಇದೇ: ಬ್ಯಾಟರ್ ನಡೆದು ಹೋದಾಗ ಒಮ್ಮೆ ಎಲ್ಲರೂ ಸರಿಯುತ್ತಾರೆ, ಇನ್ನೊಮ್ಮೆ ಯಾರೂ ಸರಿಯುವುದಿಲ್ಲ, ಏಕೆ?

ಮೊದಲು ಸಲಕರಣೆ. ಹೋಮ್ ಪ್ಲೇಟ್ ಸೇರಿ ನಾಲ್ಕು ಬೇಸ್‌ಗಳು, ಒಂದರಿಂದ ಇನ್ನೊಂದಕ್ಕೆ 90 ಅಡಿ. ಹೋಮ್ ಪ್ಲೇಟ್‌ನಿಂದ ಹೊರಟ ಬ್ಯಾಟರ್ ಮೂರನ್ನೂ ಮುಟ್ಟಿ ಮರಳಿ ಅಲ್ಲಿಗೇ ಬಂದರೆ ಒಂದು ರನ್. ಹೋಮ್ ಪ್ಲೇಟ್‌ನ ಅಗಲದೊಳಗೆ, ಬ್ಯಾಟರ್‌ನ ಮಂಡಿಯಿಂದ ಎದೆಯ ಆಸುಪಾಸಿನವರೆಗಿನ ಎತ್ತರದಲ್ಲಿ ಬಂದ ಎಸೆತವನ್ನು ಅವನು ಬಿಟ್ಟರೂ ಅದು ಸ್ಟ್ರೈಕ್. ಆ ಚೌಕಟ್ಟಿನ ಹೊರಗೆ ಹೋಗಿದ್ದು, ಬ್ಯಾಟರ್ ಬೀಸದೆ ಬಿಟ್ಟಿದ್ದು ಬಾಲ್. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ನಾಲ್ಕು ಬಾಲ್‌ಗೆ ಮೊದಲ ಬೇಸ್ ಅವನದು. ಅಲ್ಲಿಗೆ ಹೋಗುವ ದಾರಿಯಲ್ಲಿ ಅವನನ್ನು ಯಾರೂ ಔಟ್ ಮಾಡುವಂತಿಲ್ಲ. ಇದೇ ವಾಕ್.

ಉಳಿದವರಿಗೆ ಏನು ಸಿಗುತ್ತದೆ ಎಂಬುದನ್ನು ನಿಯಮಪುಸ್ತಕ ಒಂದೇ ಷರತ್ತಿನಲ್ಲಿ ಮುಗಿಸುತ್ತದೆ. ಬ್ಯಾಟರ್ ಬರುವುದರಿಂದ ಯಾರು ತನ್ನ ಬೇಸ್ ತೆರವು ಮಾಡಲೇಬೇಕಾಗುತ್ತದೋ ಅವರಿಗೆ ಮಾತ್ರ ಮುಂದಿನ ಬೇಸ್ ನಿರ್ಭಯವಾಗಿ ದಕ್ಕುತ್ತದೆ. ಬಸ್ಸಿನ ಮೂರು ಜನರ ಸೀಟನ್ನು ನೆನೆಸಿಕೊಳ್ಳಿ. ತುದಿಯ ಸೀಟಿಗೆ ಟಿಕೆಟ್ ಇದ್ದವನು ಬಂದು ನಿಂತರೆ ಅಲ್ಲಿ ಕೂತವನು ಪಕ್ಕಕ್ಕೆ ಸರಿಯಬೇಕು. ನಡುವಿನ ಸೀಟಿನಲ್ಲೂ ಯಾರೋ ಇದ್ದರೆ ಅವರೂ ಸರಿಯಬೇಕು. ನಡುವಿನದು ಖಾಲಿಯಿದ್ದರೆ ಕಿಟಕಿ ಪಕ್ಕದವರು ಏಳಬೇಕಾದ ಪ್ರಮೇಯವೇ ಇಲ್ಲ. ವಾಕ್ ಕೂಡ ಹಾಗೆಯೇ. ಮೊದಲ ಬೇಸ್‌ನಲ್ಲಿ ಒಬ್ಬನಿದ್ದರೆ ಅವನು ಎರಡನೆಯದಕ್ಕೆ ಹೋಗುತ್ತಾನೆ. ಮೊದಲ ಮತ್ತು ಮೂರನೇ ಬೇಸ್‌ನಲ್ಲಿ ಇಬ್ಬರಿದ್ದರೆ ಮೊದಲನೆಯವನು ಎರಡನೆಯದಕ್ಕೆ ಹೋಗುತ್ತಾನೆ, ಮೂರನೆಯವನು ಹೋಮ್ ಪ್ಲೇಟ್‌ಗೆ ಇಷ್ಟು ಹತ್ತಿರವಿದ್ದರೂ ಅಲ್ಲೇ. ಎರಡು ಮತ್ತು ಮೂರರಲ್ಲಿ ಆಳುಗಳಿದ್ದು ಮೊದಲನೆಯದು ಖಾಲಿಯಿದ್ದರೆ ಒಬ್ಬರೂ ಕದಲುವುದಿಲ್ಲ. ಮೂರೂ ತುಂಬಿದ್ದರೆ ಮಾತ್ರ ತಳ್ಳಾಟ ಹೋಮ್ ಪ್ಲೇಟ್‌ವರೆಗೆ ಹೋಗಿ ರನ್ ಹುಟ್ಟುತ್ತದೆ.

ಇದನ್ನು ಹಲವರು ಔದಾರ್ಯದ ನಿಯಮವೆಂದೋ ಕ್ಷುಲ್ಲಕ ತಾಂತ್ರಿಕತೆಯೆಂದೋ ನೋಡುತ್ತಾರೆ. ಎರಡೂ ಸರಿಯಲ್ಲವೆಂದು ನನಗನಿಸುತ್ತದೆ. ಇದು ಕಟ್ಟುನಿಟ್ಟಾದ ಸಾಲ ತೀರುವಳಿ. ಪಿಚರ್ ಹೊಡೆಯಬಲ್ಲ ಎಸೆತವನ್ನು ಕೊಡಬೇಕಾಗಿದ್ದದ್ದು ಬ್ಯಾಟರ್‌ಗೆ. ಆ ಬಾಕಿಯನ್ನು ಬ್ಯಾಟರ್‌ಗೇ ತೀರಿಸಬೇಕು, ದಾರಿಹೋಕರಿಗೆ ಹಂಚಬೇಕಾಗಿಲ್ಲ. ಬೇಸ್ ಮೇಲಿದ್ದವರು ಮುಂದೆ ಹೋದರೆ ಅದು ಅವರಿಗೆ ಸಿಕ್ಕ ಇನಾಮಲ್ಲ, ಹೊಸಬನಿಗೆ ಜಾಗ ಬಿಟ್ಟುಕೊಟ್ಟ ಪರಿಣಾಮ. ಇದೇ ನಿಯಮಪುಸ್ತಕದ ಇನ್ನೆರಡು ಮೂಲೆಗಳಲ್ಲಿ ಇದಕ್ಕೆ ಸಾಕ್ಷಿ ಸಿಗುತ್ತದೆ. ಒಂದೇ ಬೇಸ್ ಮೇಲೆ ಇಬ್ಬರು ರನ್ನರ್‌ಗಳು ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಮುಂದಿನವನಿಗೇ, ಅಂದರೆ ಮೊದಲು ಬಂದವನಿಗೇ ಹಕ್ಕು. ಹಿಂದಿನಿಂದ ಬಂದವನನ್ನು ಚೆಂಡಿನಿಂದ ಮುಟ್ಟಿದರೆ ಅವನು ಔಟ್. ಆದರೆ ಬ್ಯಾಟರ್ ಬಂದ ಕಾರಣಕ್ಕೆ ತೆರವು ಮಾಡಲೇಬೇಕಾದ ಸಂದರ್ಭದಲ್ಲಿ ಈ ಹಕ್ಕು ತಿರುಗಿಬಿಡುತ್ತದೆ: ಜಾಗ ಹೊಸಬನದು, ಹಳಬ ಹೊರಡಬೇಕು.

ಎರಡನೆಯ ಸಾಕ್ಷಿ 'ಬಾಕ್'. ಬೇಸ್ ಮೇಲೆ ಆಟಗಾರರಿದ್ದಾಗ ಪಿಚರ್ ಎಸೆಯುವಂತೆ ನಟಿಸಿ ಎಸೆಯದೆ ಅವರನ್ನು ಮೋಸಗೊಳಿಸಿದರೆ ಅಂಪೈರ್ ಬಾಕ್ ಘೋಷಿಸುತ್ತಾರೆ. ಆಗ ಬ್ಯಾಟರ್ ನಿಂತಲ್ಲೇ ನಿಲ್ಲುತ್ತಾನೆ, ಬೇಸ್ ಮೇಲಿದ್ದವರು ಮಾತ್ರ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ. ಹಿಂದೆ ಯಾರಾದರೂ ತಳ್ಳುತ್ತಿದ್ದಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಏಕೆಂದರೆ ಆ ತಪ್ಪು ನಡೆದದ್ದು ರನ್ನರ್‌ಗಳ ವಿರುದ್ಧ. ವಾಕ್‌ನಲ್ಲಿ ತಪ್ಪು ಬ್ಯಾಟರ್ ವಿರುದ್ಧ. ಪರಿಹಾರ ಯಾರಿಗೆ ಅನ್ಯಾಯವಾಯಿತೋ ಅವರ ವಿಳಾಸಕ್ಕೇ ಹೋಗುತ್ತದೆ. ಒಬ್ಬನೇ ಪಿಚರ್, ಒಂದೇ ಮೈದಾನ, ಆದರೆ ಎರಡು ತಪ್ಪಿಗೆ ಎರಡು ಬೇರೆ ಫಲಾನುಭವಿಗಳು. ಆಟದ ನಿಯಮಗಳಲ್ಲಿ ಇಂಥ ಶಿಸ್ತು ಅಪರೂಪ.

ಇಲ್ಲಿ ಒಂದು ತಕರಾರು ಏಳುತ್ತದೆ. ಕೆಟ್ಟ ಎಸೆತ ಹಾಕಿದ್ದು ಪಿಚರ್, ಅವನ ತಂಡಕ್ಕೆ ದಂಡ ಬೀಳಲಿ, ಎಲ್ಲ ರನ್ನರ್‌ಗಳೂ ಒಂದೊಂದು ಬೇಸ್ ಸರಿಯಲಿ, ಅದರಲ್ಲೇನು ತಪ್ಪು? ಮೂರನೇ ಬೇಸ್‌ನಲ್ಲಿ ಒಬ್ಬನೇ ನಿಂತಿರುವಾಗ ಪಿಚರ್ ವಾಕ್ ಕೊಟ್ಟರೆ ಅವನಿಗೆ ನೋವೇ ಆಗುವುದಿಲ್ಲವಲ್ಲ? ಈ ವಾದ ಹೊಸದಲ್ಲ. ಒಂದು ಕಾಲಕ್ಕೆ ಅದೇ ನಿಯಮವಾಗಿತ್ತು! 1864ರ ನಿಯಮದ ಪ್ರಕಾರ ಅಂಪೈರ್ ಮೊದಲು ಪಿಚರ್‌ಗೆ ಎಚ್ಚರಿಕೆ ಕೊಡಬೇಕು. ಆಮೇಲೂ ಚಾಳಿ ಬಿಡದಿದ್ದರೆ ಬಾಲ್ ಎಣಿಸಬೇಕು. ಮೂರು ಎಣಿಸಿದ ಮೇಲೆ ಬ್ಯಾಟರ್‌ಗೆ ಮೊದಲ ಬೇಸ್, ಬೇಸ್‌ಗಳ ಮೇಲೆ ನಿಂತ ಎಲ್ಲರಿಗೂ ಒಂದೊಂದು ಬೇಸ್. ಅಂದರೆ ಮೂರನೆಯದರಲ್ಲಿ ಒಬ್ಬನೇ ಇದ್ದರೂ ಅವನು ಹೋಮ್‌ಗೆ ಬಂದು ರನ್ ಗಳಿಸುತ್ತಿದ್ದ. ಅಮೆರಿಕದಲ್ಲಿ ಇಂದಿಗೂ ಹಳೆಯ ಉಡುಪು ತೊಟ್ಟು ಹಳೆಯ ನಿಯಮಗಳಲ್ಲಿ ಆಡುವ ಹವ್ಯಾಸಿ ತಂಡಗಳು 1864ರ ಆಟವನ್ನು ಹೀಗೆಯೇ ಆಡುತ್ತವೆ.

ಆ ನಿಯಮ ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಉಳಿಯಬಾರದಿತ್ತು ಕೂಡ. ದಂಡ ಅಷ್ಟು ಭಾರವಾದಾಗ ಅದನ್ನು ವಿಧಿಸುವ ಮೊದಲು ಎಚ್ಚರಿಕೆ, ರಿಯಾಯಿತಿ, ಅಂಪೈರ್‌ನ ವಿವೇಚನೆ ಎಲ್ಲವೂ ಬೇಕಾಗುತ್ತವೆ. ದಂಡವನ್ನು ಬ್ಯಾಟರ್‌ಗೆ ಸೀಮಿತಗೊಳಿಸಿದ ಮೇಲೆ ಪ್ರತಿ ಎಸೆತವನ್ನೂ ಮುಲಾಜಿಲ್ಲದೆ ಎಣಿಸಬಹುದು. ಮುಂದೆ ಆದದ್ದೂ ಅದೇ. 1879ರಲ್ಲಿ ಒಂಬತ್ತು ಬಾಲ್‌ಗೆ ವಾಕ್ ಎಂಬ ನಿಯಮ ಬಂತು. ಹತ್ತು ವರ್ಷ ಆ ಸಂಖ್ಯೆಯನ್ನು ಹಗ್ಗ ಜಗ್ಗಿದಂತೆ ಜಗ್ಗಿ, 1889ರಲ್ಲಿ ನಾಲ್ಕಕ್ಕೆ ತಂದು ನಿಲ್ಲಿಸಿದರು. ಅಂದಿನಿಂದ ಆ ಸಂಖ್ಯೆ ಕದಲಿಲ್ಲ. ವಾಕ್‌ನ ಬೆಲೆ ಏರಿಸಬೇಕೆನಿಸಿದಾಗೆಲ್ಲ ಆಟದವರು ಎಷ್ಟು ಕೆಟ್ಟ ಎಸೆತ ಸಹಿಸಬೇಕು ಎಂಬುದನ್ನು ಬಿಗಿಗೊಳಿಸಿದರೇ ಹೊರತು, ಲಾಭ ಪಡೆಯುವವರ ಪಟ್ಟಿಯನ್ನು ಮತ್ತೆ ಉದ್ದ ಮಾಡಲಿಲ್ಲ.

> ಒಂಬತ್ತರಿಂದ ನಾಲ್ಕಕ್ಕೆ
>
> 1879ರಲ್ಲಿ ವಾಕ್ ಪಡೆಯಲು 9 ಬಾಲ್ ಬೇಕಿತ್ತು. 1887ರಲ್ಲಿ 5, 1889ರಲ್ಲಿ 4.
>
> 1887ರಲ್ಲಿ ಇನ್ನೊಂದು ವಿಚಿತ್ರ ಪ್ರಯೋಗ ನಡೆಯಿತು: ವಾಕ್ ಪಡೆದರೂ ಹೊಡೆತವೆಂದೇ ಲೆಕ್ಕ. ಬ್ಯಾಟಿಂಗ್ ಸರಾಸರಿಗಳು ಹುಚ್ಚುಹೊಳೆಯಂತೆ ಉಕ್ಕಿದವು. ಮರುವರ್ಷವೇ ಅದನ್ನು ಕೈಬಿಟ್ಟರು.
>
> ಇಂದು ವಾಕ್ ಪಡೆದ ಸರದಿ ಬ್ಯಾಟಿಂಗ್ ಸರಾಸರಿಯ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮೂರೂ ಬೇಸ್ ತುಂಬಿದ್ದಾಗ ವಾಕ್ ಪಡೆದರೆ ರನ್ ತರಿಸಿದ ಶ್ರೇಯ ಬ್ಯಾಟರ್‌ನ ಹೆಸರಿಗೇ ಜಮೆ.

ನಿಯಮದ ಇನ್ನೊಂದು ಮುಖ ಇದಕ್ಕಿಂತ ಸ್ವಾರಸ್ಯದ್ದು. ಬೇಸ್ ಬಿಟ್ಟಿಯಾಗಿ ಸಿಕ್ಕರೂ ಕಾಲಿಟ್ಟು ಮುಟ್ಟುವವರೆಗೆ ಅದು ಸಿಕ್ಕಂತಲ್ಲ. ಕ್ರಿಕೆಟ್‌ನಲ್ಲಿ ಚೆಂಡು ಬೌಂಡರಿ ದಾಟಿದರೆ ಬ್ಯಾಟರ್‌ಗಳು ಕ್ರೀಸ್ ನಡುವೆ ನಿಂತು ಹರಟೆ ಹೊಡೆಯಬಹುದು. ಬೇಸ್‌ಬಾಲ್‌ನಲ್ಲಿ ಚೆಂಡು ಕ್ರೀಡಾಂಗಣದಾಚೆಗೆ ಹಾರಿಹೋದರೂ ನಾಲ್ಕೂ ಬೇಸ್ ಸುತ್ತಿ ಬರಲೇಬೇಕು. ವಾಕ್ ಪಡೆದವನೂ ಮೊದಲ ಬೇಸ್ ಮುಟ್ಟಬೇಕು. ಅವನ ಬದಲು ಬೇರೆ ಓಟಗಾರನನ್ನು ಇಳಿಸಬೇಕೆಂದಿದ್ದರೂ ಮೊದಲು ಅವನು ಅಲ್ಲಿ ಕಾಲಿಡಬೇಕು. ಗಾಯಗೊಂಡು ಹೋಗಲಾರದವನ ಪರವಾಗಿ ಬದಲಿ ಆಟಗಾರ ಹೋಗಬಹುದು, ಆದರೆ ಯಾರಾದರೊಬ್ಬರ ಕಾಲು ಅಲ್ಲಿಗೆ ತಲುಪಲೇಬೇಕು.

ಕೊನೆಯ ಇನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿ, ವಾಕ್‌ನಿಂದ ಗೆಲುವಿನ ರನ್ ಬರುವಂತಿದ್ದರೆ ನಿಯಮಪುಸ್ತಕ ಇನ್ನಷ್ಟು ಹುಷಾರಾಗುತ್ತದೆ. ಮೂರನೇ ಬೇಸ್‌ನವನು ಹೋಮ್ ಪ್ಲೇಟ್ ಮುಟ್ಟಬೇಕು, ಬ್ಯಾಟರ್ ಮೊದಲ ಬೇಸ್ ಮುಟ್ಟಬೇಕು. ಇವೆರಡೂ ಆಗುವವರೆಗೆ ಅಂಪೈರ್ ಪಂದ್ಯ ಮುಗಿಯಿತೆಂದು ಹೇಳುವಂತಿಲ್ಲ. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ದಾರಿ ಅಡ್ಡಗಟ್ಟಿದರೆ ಮಾತ್ರ ವಿನಾಯಿತಿ. ಇಬ್ಬರು ಔಟಾಗಿರುವಾಗ ಬ್ಯಾಟರ್ ಸಂಭ್ರಮದಲ್ಲಿ ಮೊದಲ ಬೇಸ್‌ಗೆ ಹೋಗಲು ಒಪ್ಪದಿದ್ದರೆ ಅವನು ಔಟ್, ರನ್ ರದ್ದು, ಆಟ ಮುಂದುವರಿಯುತ್ತದೆ. ಇಬ್ಬರಿಗಿಂತ ಕಡಿಮೆ ಔಟಾಗಿದ್ದರೆ ಅವನು ಔಟಾದರೂ ರನ್ ಉಳಿಯುತ್ತದೆ. ವಿಲಿಯಮ್ಸ್ ಆ ರಾತ್ರಿ ಹೋಮ್ ಪ್ಲೇಟ್‌ಗೆ ಬರದೆ ಮೂರನೇ ಬೇಸ್ ಬಳಿಯೇ ಕುಣಿಯುತ್ತ ನಿಂತಿದ್ದರೆ, ಸ್ವಲ್ಪ ಹೊತ್ತು ಕಾದ ಅಂಪೈರ್ ಅವರನ್ನೇ ಔಟೆಂದು ಘೋಷಿಸಬೇಕಾಗುತ್ತಿತ್ತು.

ಇದು ಗುಮಾಸ್ತಗಿರಿ ಅನ್ನುವವರಿದ್ದಾರೆ. ಗೆಲುವು ಖಚಿತವಾದ ಮೇಲೆ ಕಾಲು ತಾಗಿತೋ ಇಲ್ಲವೋ ಎಂದು ನೋಡುತ್ತ ಕೂರುವುದು ಯಾಕೆ? ಉತ್ತರ 1908ರಲ್ಲಿದೆ. ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ಮತ್ತು ಷಿಕಾಗೊ ಕಬ್ಸ್ 1–1ರಲ್ಲಿದ್ದವು. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್. ಮೊದಲ ಬೇಸ್‌ನಲ್ಲಿ 19ರ ಹುಡುಗ ಫ್ರೆಡ್ ಮರ್ಕಲ್, ಮೂರನೆಯದರಲ್ಲಿ ಮೂಸ್ ಮೆಕಾರ್ಮಿಕ್. ಆಲ್ ಬ್ರಿಡ್ವೆಲ್ ಚೆಂಡನ್ನು ಮೈದಾನದ ನಡುವಿಗೆ ಹೊಡೆದರು, ಮೆಕಾರ್ಮಿಕ್ ಹೋಮ್‌ಗೆ ಬಂದರು, ಜನ ಮೈದಾನಕ್ಕೆ ನುಗ್ಗಿದರು. ಪಂದ್ಯ ಮುಗಿಯಿತೆಂದುಕೊಂಡ ಮರ್ಕಲ್ ಎರಡನೇ ಬೇಸ್ ಮುಟ್ಟದೆ ತಿರುಗಿ ಹೊರಟರು. ಕಬ್ಸ್‌ನ ಜಾನಿ ಎವರ್ಸ್ ಚೆಂಡು ತರಿಸಿ ಎರಡನೇ ಬೇಸ್ ಮೇಲೆ ನಿಂತರು. ಅಂಪೈರ್ ಹ್ಯಾಂಕ್ ಓಡೇ ಮರ್ಕಲ್ ಔಟ್ ಎಂದರು, ರನ್ ರದ್ದಾಯಿತು, ಪಂದ್ಯ ಟೈ ಆಯಿತು. ಅಕ್ಟೋಬರ್ 8ರಂದು ಮತ್ತೆ ಆಡಿದಾಗ ಕಬ್ಸ್ 4–2ರಿಂದ ಗೆದ್ದು ಲೀಗ್ ಕಿರೀಟ ಹೊತ್ತರು.

ಅದು ವಾಕ್ ಆಗಿರಲಿಲ್ಲ, ನಿಜ. ಆದರೆ ಕೆಲಸ ಮಾಡಿದ ತತ್ತ್ವ ಒಂದೇ. ಬ್ರಿಡ್ವೆಲ್ ಮೊದಲ ಬೇಸ್‌ಗೆ ಬರುತ್ತಿದ್ದರಿಂದ ಮರ್ಕಲ್ ಆ ಜಾಗ ತೆರವು ಮಾಡಿ ಮುಂದಿನದನ್ನು ಮುಟ್ಟಬೇಕಿತ್ತು. ತೆರವು ಮಾಡಿದರು, ಮುಟ್ಟಲಿಲ್ಲ. ಅಲ್ಲಿಯವರೆಗೆ ಇಂಥ ಪ್ರಸಂಗದಲ್ಲಿ ಅಂಪೈರ್‌ಗಳು ಕಂಡೂ ಕಾಣದಂತಿರುವುದು ರೂಢಿಯಾಗಿತ್ತು. ರೂಢಿಯ ಮೇಲೆ ನಂಬಿಕೆಯಿಟ್ಟ ಹುಡುಗನಿಗೆ ಜೀವಮಾನವಿಡೀ 'ಮರ್ಕಲ್‌ನ ಪ್ರಮಾದ' ಎಂಬ ಅಪಖ್ಯಾತಿ ಅಂಟಿತು. ನಿಯಮ ಸಡಿಲವಾಗಿ ಜಾರಿಯಾಗುವುದರ ಬಲಿಪಶು ಯಾವಾಗಲೂ ಹೀಗೆ ತಡವಾಗಿ ಬಂದವನೇ. ಮುಟ್ಟಲೇಬೇಕೆಂಬುದನ್ನು ಮೊದಲ ದಿನದಿಂದ ಎಲ್ಲರ ಮೇಲೂ ಸಮನಾಗಿ ಹೇರಿದ್ದರೆ ಮರ್ಕಲ್‌ಗೆ ಆ ಗತಿ ಬರುತ್ತಿರಲಿಲ್ಲ.

ಆಚೆಗೆ ಇನ್ನೊಂದು ಸೂಕ್ಷ್ಮವಿದೆ. ಎಸೆತ ಮೈಗೆ ತಾಗಿ ಬ್ಯಾಟರ್ ಮೊದಲ ಬೇಸ್‌ಗೆ ಹೋಗುವಾಗ ಚೆಂಡು 'ಸತ್ತಿರುತ್ತದೆ', ಯಾರೂ ಹೆಚ್ಚುವರಿ ಓಡುವಂತಿಲ್ಲ. ವಾಕ್‌ನಲ್ಲಿ ಚೆಂಡಿಗೆ ಜೀವ ಇರುತ್ತದೆ. ನಾಲ್ಕನೇ ಬಾಲ್, ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್‌ನನ್ನೂ ದಾಟಿ ಹಿಂದಕ್ಕೆ ಉರುಳಿದರೆ ಬ್ಯಾಟರ್ ಎರಡನೇ ಬೇಸ್‌ವರೆಗೂ ಓಡಲು ಯತ್ನಿಸಬಹುದು. ಆದರೆ ನಿಯಮದ ರಕ್ಷಣೆ ಮೊದಲ ಬೇಸ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ ಸ್ವಂತ ಹೊಣೆ. ಮೊದಲ ಬೇಸ್‌ನಲ್ಲಿದ್ದವನು ನಾಲ್ಕನೇ ಬಾಲ್ ಬರುವಾಗಲೇ ಎರಡನೆಯದಕ್ಕೆ ಕದ್ದು ಓಡಿದ್ದರೆ ಕ್ಯಾಚರ್ ಎಷ್ಟು ಚೆನ್ನಾಗಿ ಎಸೆದರೂ ಅವನು ಔಟಾಗುವುದಿಲ್ಲ, ಆ ಬೇಸ್ ಹೇಗೂ ಅವನದಾಗಿತ್ತು. ಜಾರಿಕೊಂಡು ಬೇಸ್ ದಾಟಿ ಹೋದನೋ, ಚೆಂಡು ಮುಟ್ಟಿಸಿದರೆ ಔಟ್! ಎರಡನೇ ಬೇಸ್‌ನವನು ಮೂರನೆಯದಕ್ಕೆ ಕದ್ದು ಓಡಿದ್ದು, ಮೊದಲನೆಯದು ಖಾಲಿಯಿದ್ದರೆ ಅವನಿಗೆ ಯಾವ ರಕ್ಷಣೆಯೂ ಇಲ್ಲ. ಅವನನ್ನು ಯಾರೂ ತಳ್ಳಿರಲಿಲ್ಲವಲ್ಲ.

ನಿಯಮಪುಸ್ತಕದ ಟಿಪ್ಪಣಿಯೊಂದು ಈ ತರ್ಕವನ್ನು ತುದಿಯವರೆಗೆ ಒಯ್ಯುತ್ತದೆ. ಇಬ್ಬರು ಔಟ್, ಮೂರೂ ಬೇಸ್ ಭರ್ತಿ, ವಾಕ್. ಎರಡನೇ ಬೇಸ್‌ನಲ್ಲಿದ್ದವನು ಉತ್ಸಾಹದಲ್ಲಿ ಮೂರನೆಯದನ್ನೂ ದಾಟಿ ಹೋಮ್‌ನತ್ತ ನುಗ್ಗುತ್ತಾನೆ, ಕ್ಯಾಚರ್‌ನ ಎಸೆತಕ್ಕೆ ಸಿಕ್ಕಿ ಔಟಾಗುತ್ತಾನೆ. ಮೂರನೇ ಔಟ್ ಆಗಿಹೋಯಿತು, ಮುಂದಿದ್ದವನು ಇನ್ನೂ ಹೋಮ್ ಪ್ಲೇಟ್ ಮುಟ್ಟಿರಲಿಲ್ಲ. ಬೇರೆ ಸಂದರ್ಭದಲ್ಲಾಗಿದ್ದರೆ ಇನಿಂಗ್ಸ್ ಮುಗಿದು ರನ್ ಹೋಗುತ್ತಿತ್ತು. ಇಲ್ಲಿ ರನ್ ಉಳಿಯುತ್ತದೆ. ಆ ರನ್ ವಾಕ್‌ನಿಂದಲೇ ತಳ್ಳಲ್ಪಟ್ಟು ಹುಟ್ಟಿದ್ದು; ಪ್ರತಿಯೊಬ್ಬನೂ ಮುಂದಿನ ಬೇಸ್ ಮುಟ್ಟಿದ್ದರೆ ಸಾಕಿತ್ತು. ಹಿಂದಿನವನ ದುರಾಸೆಗೆ ಮುಂದಿನವನು ದಂಡ ತೆರಬೇಕಾಗಿಲ್ಲ. ತಪ್ಪಿಗೂ ಪರಿಹಾರಕ್ಕೂ ವಿಳಾಸ ಹುಡುಕುವ ಈ ನಿಯಮ ದುರಾಸೆಗೂ ಸರಿಯಾದ ವಿಳಾಸವನ್ನೇ ಹುಡುಕುತ್ತದೆ.

> ನಡೆದೇ ಸಾಧಿಸಿದವರು
>
> 1951ರ ಆಗಸ್ಟ್ 19: ಸೇಂಟ್ ಲೂಯಿಸ್ ಬ್ರೌನ್ಸ್ ಮಾಲೀಕ ಬಿಲ್ ವೆಕ್ 3 ಅಡಿ 7 ಅಂಗುಲ ಎತ್ತರದ ಎಡ್ಡಿ ಗೇಡೆಲ್ ಅವರನ್ನು ಬ್ಯಾಟಿಂಗ್‌ಗೆ ಕಳಿಸಿದರು. ಜೆರ್ಸಿ ಸಂಖ್ಯೆ 1/8. ಅಷ್ಟು ಪುಟ್ಟ ಚೌಕಟ್ಟಿಗೆ ಎಸೆಯಲಾಗದೆ ಡೆಟ್ರಾಯಿಟ್‌ನ ಬಾಬ್ ಕೇನ್ ಸತತ ನಾಲ್ಕು ಬಾಲ್ ಹಾಕಿದರು. ಗೇಡೆಲ್ ಮೊದಲ ಬೇಸ್ ತಲುಪಿದ ಮೇಲೆ ಜಿಮ್ ಡೆಲ್ಸಿಂಗ್ ಅವರ ಬದಲು ಓಟಕ್ಕೆ ಬಂದರು.
>
> 1959ರ ಏಪ್ರಿಲ್ 22: ಕಾನ್ಸಾಸ್ ಸಿಟಿಯಲ್ಲಿ ಷಿಕಾಗೊ ವೈಟ್ ಸಾಕ್ಸ್ ಒಂದೇ ಇನಿಂಗ್ಸ್‌ನಲ್ಲಿ 11 ರನ್ ಗಳಿಸಿತು. ಹೊಡೆತ ಒಂದೇ ಒಂದು, ವಾಕ್ ಹತ್ತು!
>
> ರಿಕಿ ಹೆಂಡರ್ಸನ್: ವೃತ್ತಿಜೀವನದಲ್ಲಿ 2,190 ವಾಕ್, 1,406 ಕದ್ದ ಬೇಸ್. ನಿಯಮ ಕೊಟ್ಟದ್ದು ಒಂದು ಬೇಸ್, ಮಿಕ್ಕಿದ್ದನ್ನು ಅವರೇ ಎತ್ತಿಕೊಂಡರು.

ಈ ನಿಯಮದ ವಿರುದ್ಧ ನಿಜವಾಗಿ ಗಟ್ಟಿಯಾದ ಆಕ್ಷೇಪ ಬೇಕೆಂದೇ ಕೊಡುವ ವಾಕ್‌ನದು. ಬೆಲೆ ಕಡಿಮೆಯಿದ್ದರೆ ಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಎರಡನೇ, ಮೂರನೇ ಬೇಸ್‌ನಲ್ಲಿ ಎದುರಾಳಿಗಳಿದ್ದು ಮೊದಲನೆಯದು ಖಾಲಿಯಿರುವಾಗ ಬಲಿಷ್ಠ ಬ್ಯಾಟರ್ ಬಂದರೆ, ಅವನಿಗೆ ವಾಕ್ ಕೊಟ್ಟು ಕಳಿಸಿದರಾಯಿತು, ಉಳಿದವರು ಕದಲುವುದಿಲ್ಲ. ಮೇಲಾಗಿ ಎಲ್ಲ ಬೇಸ್‌ಗಳೂ ತುಂಬಿದ್ದರಿಂದ ಮುಂದಿನ ಹೊಡೆತಕ್ಕೆ ಎಲ್ಲರೂ ತೆರವು ಮಾಡಲೇಬೇಕು. ಆಗ ಯಾರನ್ನೂ ಮುಟ್ಟದೆ, ಬೇಸ್ ಮೇಲೆ ಕಾಲಿಟ್ಟೇ ಔಟ್ ಮಾಡಬಹುದು. 2004ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್‌ನ ಬ್ಯಾರಿ ಬಾಂಡ್ಸ್‌ಗೆ ಒಂದೇ ಋತುವಿನಲ್ಲಿ 232 ವಾಕ್ ಸಿಕ್ಕವು. ಅವುಗಳಲ್ಲಿ 120 ಬೇಕೆಂದೇ ಕೊಟ್ಟವು. ಅವರು ಬ್ಯಾಟ್ ಬೀಸುವುದನ್ನು ನೋಡಲೆಂದೇ ಟಿಕೆಟ್ ಕೊಂಡವರು ಅವರು ನಡೆಯುವುದನ್ನು ನೋಡಿ ಮನೆಗೆ ಹೋದರು. 1864ರಂತೆ ಎಲ್ಲ ರನ್ನರ್‌ಗಳೂ ಸರಿಯುವಂತಿದ್ದರೆ ಈ ಹೇಡಿತನಕ್ಕೆ ತಕ್ಕ ಶಾಸ್ತಿಯಾಗುತ್ತಿತ್ತು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಆದರೂ ಅದನ್ನು ಒಪ್ಪಲಾರೆ. ಶಾಸ್ತಿ ಈಗಾಗಲೇ ನಿಯಮದೊಳಗೇ ಕೂತಿದೆ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಟರ್ನರ್ ಫೀಲ್ಡ್‌ನ ಆ ಹನ್ನೊಂದನೇ ಇನಿಂಗ್ಸ್ ಹೇಗೆ ಕಟ್ಟಿಕೊಂಡಿತು ನೋಡಿ. ವಿಲಿಯಮ್ಸ್ ಹೊಡೆದು ಎರಡನೇ ಬೇಸ್ ತಲುಪಿದರು. ಬ್ರೆಟ್ ಬೂನ್ ತಾವು ಔಟಾಗಿ ಅವರನ್ನು ಮೂರನೆಯದಕ್ಕೆ ದಾಟಿಸಿದರು. ಮೊದಲನೆಯದೂ ಎರಡನೆಯದೂ ಖಾಲಿ. ಮೆಟ್ಸ್ ಚಿಪ್ಪರ್ ಜೋನ್ಸ್‌ಗೆ ಬೇಕೆಂದೇ ವಾಕ್ ಕೊಟ್ಟಿತು: ವಿಲಿಯಮ್ಸ್ ಕದಲಲಿಲ್ಲ. ಬ್ರಯಾನ್ ಜೋರ್ಡನ್‌ಗೂ ಕೊಟ್ಟಿತು: ಆಗಲೂ ವಿಲಿಯಮ್ಸ್ ಕದಲಲಿಲ್ಲ. ಎರಡು ವಾಕ್ ಪುಕ್ಕಟೆ ಎನಿಸಿದವು. ಆದರೆ ಆ ಎರಡೂ ಸೇರಿ ಖಾಲಿ ಬೇಸ್‌ಗಳನ್ನು ತುಂಬಿಸಿದ್ದರಿಂದಲೇ ಮೂರನೆಯ ವಾಕ್, ಬೇಡದೆ ಬಂದದ್ದು, ವಿಲಿಯಮ್ಸ್‌ರನ್ನು ಹೋಮ್‌ಗೆ ತಳ್ಳಿತು. ವಿಚಿತ್ರವೆಂದರೆ ಎರಡೇ ದಿನ ಮೊದಲು, ನ್ಯೂಯಾರ್ಕ್‌ನ ಷೇ ಸ್ಟೇಡಿಯಂನಲ್ಲಿ 15ನೇ ಇನಿಂಗ್ಸ್‌ನಲ್ಲಿ ಇದೇ ಪಾಠ ಬ್ರೇವ್ಸ್‌ಗೆ ಆಗಿತ್ತು. ಜಾನ್ ಒಲೆರುಡ್‌ಗೆ ಬೇಕೆಂದೇ ವಾಕ್ ಕೊಟ್ಟು ಬೇಸ್ ತುಂಬಿಸಿದರು. ಮುಂದಿನ ಬ್ಯಾಟರ್ ಟಾಡ್ ಪ್ರ್ಯಾಟ್‌ಗೂ ವಾಕ್ ಹೋಗಿ ಪಂದ್ಯ 3–3 ಆಯಿತು. ನಂತರ ರಾಬಿನ್ ವೆಂಚುರಾ ಚೆಂಡನ್ನು ಗೋಡೆಯಾಚೆಗೆ ಹೊಡೆದರು. ಮೊದಲ ಬೇಸ್ ದಾಟುತ್ತಲೇ ತಂಡದವರು ಮುತ್ತಿಕೊಂಡದ್ದರಿಂದ ಮುಂದಿನ ಬೇಸ್‌ಗಳನ್ನು ಅವರು ಮುಟ್ಟಲೇ ಇಲ್ಲ. ನಾಲ್ಕು ರನ್‌ಗಳ ಹೊಡೆತ ದಾಖಲೆಯಲ್ಲಿ ಸಾದಾ ಸಿಂಗಲ್ ಆಗಿ ಉಳಿಯಿತು, ಪಂದ್ಯ 4–3.

ಕೆಲವೊಮ್ಮೆ ತಂಡಗಳು ತಿಳಿದೂ ತಿಳಿದೂ ಪೂರ್ತಿ ಬೆಲೆ ತೆರುತ್ತವೆ. 1998ರ ಮೇ 28ರಂದು ಅರಿಜೋನಾ ಡೈಮಂಡ್‌ಬ್ಯಾಕ್ಸ್ 8–6ರಿಂದ ಮುಂದಿತ್ತು. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಮೂರೂ ಬೇಸ್ ಭರ್ತಿ, ಎದುರಿಗೆ ಬಾಂಡ್ಸ್. ಮ್ಯಾನೇಜರ್ ಬಕ್ ಷೋವಾಲ್ಟರ್ ಬಾಂಡ್ಸ್‌ಗೆ ವಾಕ್ ಕೊಡಿಸಿ ಒಂದು ರನ್ ಬಿಟ್ಟುಕೊಟ್ಟರು. 8–7. ಮುಂದಿನ ಬ್ಯಾಟರ್ ಬ್ರೆಂಟ್ ಮೇನ್ ಹೊಡೆದ ಚೆಂಡು ಫೀಲ್ಡರ್ ಕೈಸೇರಿತು, ಅರಿಜೋನಾ ಗೆದ್ದಿತು. ಇದನ್ನು ಹೇಡಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಲೆ ಫಲಕದ ಮೇಲೆ ಬರೆದಿತ್ತು, ಷೋವಾಲ್ಟರ್ ಓದಿ ಕೊಟ್ಟರು.

ಜಾರ್ಜಿಯಾದ ಸವಾನಾ ಬನಾನಾಸ್ ತಂಡ ತನ್ನ ಮನರಂಜನೆಯ ಆಟದಲ್ಲಿ ವಾಕ್ ಅನ್ನೇ ತೆಗೆದುಹಾಕಿದೆ. ನಾಲ್ಕನೇ ಬಾಲ್ ಬಿದ್ದೊಡನೆ ಬ್ಯಾಟರ್ ಓಟ ಕೀಳುತ್ತಾನೆ. ಎದುರಾಳಿಗಳು ಚೆಂಡನ್ನು ಕೈಯಿಂದ ಕೈಗೆ ದಾಟಿಸಿ ಮುಗಿಸುವವರೆಗೆ ಅವನನ್ನು ಔಟ್ ಮಾಡುವಂತಿಲ್ಲ. ನೋಡಲು ಮಜವಾಗಿದೆ. ಆದರೆ ಅಲ್ಲಿ ಬ್ಯಾಟರ್‌ಗೆ ಎಷ್ಟು ಬೇಸ್ ಸಿಗಬೇಕು ಎಂಬುದನ್ನು ಪಿಚರ್‌ನ ತಪ್ಪು ತೀರ್ಮಾನಿಸುವುದಿಲ್ಲ, ಚೆಂಡು ದಾಟಿಸುವವರ ಚುರುಕುತನ ತೀರ್ಮಾನಿಸುತ್ತದೆ. ಸಂತೆಯ ಆಟಕ್ಕೆ ಸರಿ, ಲೀಗ್‌ಗೆ ಬೇಡ.

ನನ್ನ ತಕರಾರಿರುವುದು ಬೇರೆಯದರ ಮೇಲೆ. 2017ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಬೇಕೆಂದೇ ಕೊಡುವ ವಾಕ್‌ಗೆ ನಾಲ್ಕು ಎಸೆತ ಎಸೆಯಬೇಕಾಗಿಲ್ಲ, ಮ್ಯಾನೇಜರ್ ಕೈಸನ್ನೆ ಮಾಡಿದರೆ ಸಾಕು ಎಂದು ತಿದ್ದುಪಡಿ ತಂದಿತು. ಬ್ಯಾಟರ್ ಮಾತ್ರ ಎಂದಿನಂತೆ 90 ಅಡಿ ನಡೆದು ಹೋಗಿ ಬೇಸ್ ಮುಟ್ಟಬೇಕು. ಪಡೆಯುವವನು ಕಾಲಿಟ್ಟು ತೋರಿಸಬೇಕು, ಕೊಡುವವನು ಬೆರಳೆತ್ತಿದರೆ ಆಯಿತು. ಮುಟ್ಟದ ಹೊರತು ಯಾವುದೂ ದಕ್ಕದು ಎಂಬ ಪುಸ್ತಕದಲ್ಲಿ ಈ ಒಂದು ಪುಟ ಒಗ್ಗುವುದಿಲ್ಲ. ಎಸೆದು ಕೊಡುವಾಗ ಅಪಾಯವಿತ್ತು: ಎಸೆತ ದಿಕ್ಕುತಪ್ಪಿ ಹಿಂದಕ್ಕೆ ಹೋದರೆ ರನ್ನರ್‌ಗಳು ಓಡಬಹುದಿತ್ತು. 2006ರ ಜೂನ್ 22ರಂದು ಬಾಲ್ಟಿಮೋರ್‌ನಲ್ಲಿ ಪಿಚರ್ ಟಾಡ್ ವಿಲಿಯಮ್ಸ್ ಬೇಕೆಂದೇ ವಾಕ್ ಕೊಡಲು ಹೊರಗೆ ಎಸೆದ ಚೆಂಡು ಕೈಗೆಟುಕುವಷ್ಟು ಹತ್ತಿರ ಬಂತು. ಫ್ಲಾರಿಡಾ ಮಾರ್ಲಿನ್ಸ್‌ನ ಮಿಗೆಲ್ ಕಬ್ರೆರಾ ಕೈಚಾಚಿ ಹೊಡೆದೇಬಿಟ್ಟರು, ಎರಡನೇ ಬೇಸ್‌ನಲ್ಲಿದ್ದವರು ಹೋಮ್‌ಗೆ ಬಂದರು, ಹತ್ತನೇ ಇನಿಂಗ್ಸ್‌ನಲ್ಲಿ ಪಂದ್ಯ ಮಾರ್ಲಿನ್ಸ್ ಕಡೆಗೆ ವಾಲಿತು.

ತಿದ್ದುಪಡಿಗೆ ಕೊಟ್ಟ ಕಾರಣ ಸಮಯದ ಉಳಿತಾಯ. ಬೇಕೆಂದೇ ಕೊಡುವ ವಾಕ್ ಎರಡು-ಮೂರು ಪಂದ್ಯಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲೂ ಅದರಿಂದ ಉಳಿದದ್ದು ಅಲ್ಲೊಂದು ಇಲ್ಲೊಂದು ನಿಮಿಷ. 2023ರಲ್ಲಿ ಎಸೆತಕ್ಕೆ ಸಮಯಮಿತಿ ಹಾಕುವ ಗಡಿಯಾರ ಪಿಚರ್‌ನ ನೆತ್ತಿಯ ಮೇಲೆ ಕೂತ ನಂತರ ಪಂದ್ಯದ ಸರಾಸರಿ ಅವಧಿಯಲ್ಲಿ ಒಂದೇ ಏಟಿಗೆ 24 ನಿಮಿಷ ಇಳಿಯಿತು. ಅಷ್ಟು ಉಳಿಸಿಕೊಂಡವರು ಆ ನಾಲ್ಕು ಎಸೆತಗಳನ್ನು ಪಿಚರ್ ಕೈಗೆ ವಾಪಸ್ ಕೊಡಲು ಇನ್ನು ಯಾವ ನೆಪ ಹೇಳುತ್ತಾರೆ?